ಚಣಿಯಾದ ಘೇರು, ಕೇಪಿನ ಘೇರು

1618ರಲ್ಲಿ ಬಾದಶಹ ಜಹಾಂಗೀರ್ ಅಹಮದಾಬಾದಿನಲ್ಲಿ ಬೀಡುಬಿಟ್ಟಿದ್ದ. ಊರಿನ ಸೆಕೆ, ಧೂಳು, ಜ್ವರ ಯಾವುದೂ ಅವನಿಗೆ ಹಿಡಿಸಲಿಲ್ಲ. ಧೂಳಿನ ಊರು ಎಂದು ಹೆಸರಿಟ್ಟು ತನ್ನ ಆತ್ಮಕಥನದಲ್ಲಿ ಬರೆದಿಟ್ಟ. ಅದೇ ಊರಿನಲ್ಲಿ, ಅದೇ ಸೆಕೆಯಲ್ಲಿ, ಇಂಗ್ಲೆಂಡಿನ ರಾಯಭಾರಿ ಸರ್ ಥಾಮಸ್ ರೋ ತನ್ನ ಪರಿವಾರದೊಂದಿಗೆ ಓಡಾಡುತ್ತಿದ್ದ. 1615ರಲ್ಲಿ ಸೂರತ್‌ನಲ್ಲಿ ಹಡಗಿಳಿದಿದ್ದ ಈತ ಇಂಗ್ಲಿಷ್ ಉಡುಪನ್ನು ಬಿಡಲು ಒಪ್ಪಿರಲಿಲ್ಲ. ಅವನ ಜೊತೆಗಿದ್ದ ಪಾದ್ರಿ ಎಡ್ವರ್ಡ್ ಟೆರಿ ಬರೆದಿರುವಂತೆ, ರಾಯಭಾರಿಯ ಸೇವಕರು ಹೊರಗೆ ಹೊರಟರೆ ಕೆಂಪು ಟಾಫೆಟಾ ರೇಷ್ಮೆಯ ಮೇಲಂಗಿ ಹೊದೆಯುತ್ತಿದ್ದರು. ಅದಕ್ಕೆ ಹಸಿರು ಟಾಫೆಟಾದ ಅಂಚು. ಬಣ್ಣವೂ ಕಟ್ಟೂ ಹೀಗೆ ಬೇರೆಯಾಗಿದ್ದುದರಿಂದ ನೋಡಲು ಬನ್ನಿ ಎಂದು ಜನರನ್ನು ಕರೆಯಬೇಕಾದ ಅಗತ್ಯವೇ ಬೀಳಲಿಲ್ಲ ಎಂದೂ ಟೆರಿ ಹೇಳುತ್ತಾನೆ.

ಹೊಲಿಗೆ ಬಲ್ಲವರಿಗೆ ಈ ಮಾತಿನಲ್ಲಿ ಒಂದು ಕಸುಬಿನ ಸಂಗತಿ ಕಾಣುತ್ತದೆ. ಮೇಲಂಗಿಯ ಕಟ್ಟು ಇಂಗ್ಲೆಂಡಿನದೇ ಉಳಿಯಿತು, ಬಟ್ಟೆ ಮಾತ್ರ ಬದಲಾಯಿತು. ಚಳಿಗೆ ಹುಟ್ಟಿದ ಉಡುಪನ್ನು ತೆಳು ರೇಷ್ಮೆಯಲ್ಲಿ ಹೊಲಿದು ಗುಜರಾತಿನ ಬಿಸಿಲಿಗೆ ಒಗ್ಗಿಸಿದರು. ನಾನೂರು ವರ್ಷದ ನಂತರ ಹಳೆಯ ಕಾಲದ ಉಡುಪನ್ನು ಮನೆಯಲ್ಲೇ ಹೊಲಿದುಕೊಳ್ಳಲು ಹೊರಟವರು ಮಾಡುವ ಕೆಲಸವೂ ಇದೇ. ಕಟ್ಟು ಹಿಂದಿನದು, ಬಟ್ಟೆ ಇಂದಿನ ಅಂಗಡಿಯದು, ಹವೆ ತಮ್ಮ ಊರಿನದು.

ಈ ಹವ್ಯಾಸಕ್ಕೆ ಜಗತ್ತಿನಾದ್ಯಂತ ಅನುಯಾಯಿಗಳಿದ್ದಾರೆ. ವಿಕ್ಟೋರಿಯಾ ರಾಣಿಯ ಕಾಲದ ಚಳಿಗಾಲದ ಕೇಪು ಎಂಬ ತೋಳಿಲ್ಲದ ಮೇಲುಹೊದಿಕೆ ಅವರ ಅಚ್ಚುಮೆಚ್ಚಿನ ಹೊಲಿಗೆ. ಬ್ರಿಟನ್ನಿನ ಜಾನೆಟ್ ಅರ್ನಾಲ್ಡ್ ವಸ್ತುಸಂಗ್ರಹಾಲಯಗಳಲ್ಲಿದ್ದ ಹಳೆಯ ಉಡುಪುಗಳನ್ನು ಹೊಲಿಗೆ ಹೊಲಿಗೆಯಾಗಿ ಅಳೆದು, ನಕ್ಷೆ ಬರೆದು ಪ್ರಕಟಿಸಿದ ಪುಸ್ತಕಗಳು 1960ರ ದಶಕದಿಂದ ಇಂಥವರ ಕೈಪಿಡಿಯಾಗಿವೆ. ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಹೀಗೆ ಹೆಸರಿಟ್ಟುಕೊಂಡ ಹವ್ಯಾಸ ದೊಡ್ಡದಾಗಿ ಕಾಣುವುದಿಲ್ಲ. ಹಾಗಿದ್ದರೂ ಐತಿಹಾಸಿಕ ಉಡುಪನ್ನು ಪ್ರತಿ ವರ್ಷ, ತಪ್ಪದೆ, ಸಾವಿರಾರು ಮನೆಗಳಲ್ಲಿ ಹೊಲಿಯುವ ಊರುಗಳು ಎಲ್ಲಿವೆ ಎಂದು ಹುಡುಕಿದರೆ ಈ ಮೂರನ್ನೇ ಮೊದಲು ಹೆಸರಿಸಬೇಕಾಗುತ್ತದೆ. ಅಲ್ಲಿ ಅದರ ಹೆಸರು ನವರಾತ್ರಿಯ ತಯಾರಿ.

ಮಳೆಗಾಲ ಅರ್ಧ ಕಳೆಯುತ್ತಿದ್ದಂತೆ ಅಹಮದಾಬಾದಿನ ಹಳೆಯ ಪೇಟೆಯಲ್ಲಿ ಬಟ್ಟೆಯ ವ್ಯಾಪಾರ ಚುರುಕಾಗುತ್ತದೆ. ಮಾಣೆಕ್ ಚೌಕದ ಪಕ್ಕ, ಅಹಮದ್ ಶಾಹಿ ಮನೆತನದ ರಾಣಿಯರ ಗೋರಿಗಳ ಸುತ್ತ ಹಬ್ಬಿರುವ ರಾಣಿ ನೋ ಹಜೀರೋ ಬಜಾರು, ಅಲ್ಲಿಂದ ಹೆಜ್ಜೆಯಳತೆಯಲ್ಲಿರುವ ಢಾಲ್ಗರ್‌ವಾಡ್, ಸೀರೆಗಳ ರತನ್‌ಪೋಳ್, ಇವೆಲ್ಲ 2017ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕೋಟೆಯೊಳಗಿನ ನಗರದಲ್ಲಿವೆ. ಸಿದ್ಧ ಉಡುಪು ಬೇಕಾದವರಿಗೆ ಲಾ ಗಾರ್ಡನ್ ಪಕ್ಕದ ಬೀದಿ ಇದೆ. ಮನೆಯಲ್ಲೇ ಹೊಲಿಯುವವರು ಮಾತ್ರ ಥಾನುಗಳನ್ನು ಬಿಚ್ಚಿಸಿ, ಬಟ್ಟೆಯನ್ನು ಬೆರಳ ನಡುವೆ ಹಿಡಿದು, ಅಡ್ಡಕ್ಕೆ ಎಳೆದು ನೋಡಿ ಕೊಳ್ಳುತ್ತಾರೆ. ಹೆಂಗಸರಿಗೆ ಚಣಿಯಾ ಎಂಬ ಲಂಗ, ಚೋಳಿ ಎಂಬ ರವಿಕೆ, ಓಢಣಿ ಎಂಬ ಮೇಲುಹೊದಿಕೆ. ಗಂಡಸರಿಗೆ ಕೇಡಿಯು ಎಂಬ ಅಂಗಿ ಮತ್ತು ಚೋರಣೋ ಎಂಬ ಷರಾಯಿ. ನವರಾತ್ರಿಯಲ್ಲಿ ಕುಣಿಯುವ ಗುಜರಾತಿನ ಗರ್ಬಾ 2023ರ ಡಿಸೆಂಬರಿನಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿ ಸೇರಿತು. ಆ ಕುಣಿತದ ಜೊತೆಗೆ ಅದರ ಉಡುಪಿನ ಕತ್ತರಿಕೆಯೂ ಒಂದು ವಿದ್ಯೆಯಾಗಿ ಮನೆಮನೆಯಲ್ಲಿ ಉಳಿದು ಬಂದಿದೆ.

ಕೇಡಿಯುವನ್ನೇ ನೋಡೋಣ. ಸೌರಾಷ್ಟ್ರ, ಕಛ್‌ಗಳ ರಬಾರಿ, ಭರವಾಡ, ಆಹೀರ್ ಪಶುಪಾಲಕರ ದಿನನಿತ್ಯದ ಅಂಗಿ ಇದು. ಎದೆಯವರೆಗೆ ಮೈಗೆ ಅಂಟಿದಂತೆ ಬಿಗಿ, ಅಲ್ಲಿಂದ ಕೆಳಗೆ ಒತ್ತೊತ್ತಾದ ನೆರಿಗೆಯ ಪುಟ್ಟ ಲಂಗದಂತೆ ಹಿಗ್ಗುತ್ತದೆ. ತೋಳು ಉದ್ದ, ಮುಂಭಾಗಕ್ಕೆ ಗುಂಡಿಯ ಬದಲು ಕಸೆ. ಬಿಡಿಸಿ ನೆಲದ ಮೇಲೆ ಹಾಸಿದರೆ ಅದರ ಜಾಣತನ ತಿಳಿಯುತ್ತದೆ. ಹೆಚ್ಚಿನ ತುಂಡುಗಳು ಆಯತ ಅಥವಾ ತ್ರಿಕೋನ. ನೆರಿಗೆಯ ಭಾಗ ಒಂದು ನೇರ ಪಟ್ಟಿ, ಎದೆಸುತ್ತಳತೆಯ ಮೂರು ನಾಲ್ಕು ಪಟ್ಟು ಉದ್ದ. ಕಂಕುಳಲ್ಲಿ ಬೇರೆಯೇ ಒಂದು ಪುಟ್ಟ ತುಂಡು ಕೂಡಿಸಿರುತ್ತಾರೆ. ಕೋಲಾಟಕ್ಕೆ ತೋಳೆತ್ತಿದಾಗ ಅಂಗಿ ಮೇಲೆ ಸರಿಯದಿರುವುದು, ಹೊಲಿಗೆ ಬಿಡದಿರುವುದು ಆ ತುಂಡಿನಿಂದ. ಇಷ್ಟೆಲ್ಲ ಕತ್ತರಿಸಿದ ಮೇಲೂ ಚಿಂದಿ ಉಳಿಯುವುದು ಕಡಿಮೆ. ಕೈಮಗ್ಗದ ಬಟ್ಟೆ ದುಬಾರಿಯಾಗಿದ್ದ ಕಾಲದ ಲೆಕ್ಕಾಚಾರವಿದು.

ಬಿಗಿ ಎದೆ, ಕೆಳಗೆ ಘೇರು, ಅಂದರೆ ಸುತ್ತಲಿನ ಹಿಗ್ಗು, ಗುಂಡಿಯ ಬದಲು ಕಸೆ. ಮೊಘಲ್ ಚಿತ್ರಗಳನ್ನು ನೋಡಿದವರಿಗೆ ಈ ಕಟ್ಟು ಹೊಸದಲ್ಲ. ಅಲ್ಲಿನ ಜಾಮಾ ಎಂಬ ನಿಲುವಂಗಿ ಇದರ ದೊಡ್ಡ ನೆಂಟ. ಅಬುಲ್ ಫಜಲ್ ‘ಆಈನೆ ಅಕ್ಬರಿ’ಯಲ್ಲಿ ಅರಮನೆಯ ಉಡುಪುಗಳ ಬಗ್ಗೆ ಬರೆಯುತ್ತ, ಅಸ್ತರಿಲ್ಲದ ತಕೌಚಿಯಾ ಎಂಬ ಹಿಂದೂಸ್ತಾನದ ಕಟ್ಟಿನ ಅಂಗಿಯನ್ನು ವಿವರಿಸುತ್ತಾನೆ. ಮೊದಲು ಅದರ ಲಂಗಕ್ಕೆ ಸೀಳುಗಳಿದ್ದವು, ಎಡಕ್ಕೆ ಕಟ್ಟುತ್ತಿದ್ದರು. ಅಕ್ಬರ್ ಲಂಗವನ್ನು ಸುತ್ತ ಒಂದೇ ಘೇರಾಗಿಸಿ, ಬಲಕ್ಕೆ ಕಟ್ಟುವಂತೆ ಆಜ್ಞೆ ಮಾಡಿದ. ಒಂದಕ್ಕೆ 7 ಗಜ 7 ಗಿರಹ್ (ಗಜದ ಸಣ್ಣ ಭಾಗ) ಬಟ್ಟೆ ಬೇಕು, ಅಂಚಿನ ಗೋಟಿಗೆ ಇನ್ನೂ 5 ಗಿರಹ್. ಸಾದಾ ಹೊಲಿಗೆಗೆ 1ರಿಂದ 3 ರೂಪಾಯಿ ಕೂಲಿ. ಹದಿನಾರನೇ ಶತಮಾನದ ಅರಮನೆಯ ಇತಿಹಾಸಕಾರ ಇಂದಿನ ಟೈಲರ್ ಬಿಲ್ಲಿನಷ್ಟು ಖಚಿತವಾಗಿ ಲೆಕ್ಕ ಬರೆದಿಟ್ಟ ಕಾರಣಕ್ಕೇ ಆ ಅಂಗಿಯನ್ನು ಮತ್ತೆ ಕತ್ತರಿಸಿ ನೋಡಲು ಇವತ್ತಿಗೂ ಸಾಧ್ಯವಿದೆ. 1572–73ರಲ್ಲಿ ಗುಜರಾತ್ ಅಕ್ಬರನ ಕೈಸೇರಿತು. ಆಮೇಲೆ ಅರಮನೆಗೆ ಬಟ್ಟೆ ಒದಗಿಸಿದ ಊರುಗಳ ಸಾಲಿನಲ್ಲಿ ಅಹಮದಾಬಾದೂ ಇತ್ತು. ಮುಸ್ಲಿಮರು ಬಲಕ್ಕೆ, ಹಿಂದೂಗಳು ಎಡಕ್ಕೆ ಕಸೆ ಕಟ್ಟುವ ರೂಢಿ ಮುಂದೆ ಬಹುಕಾಲ ನಡೆಯಿತು. ಹಳೆಯ ಚಿತ್ರದಲ್ಲಿರುವ ವ್ಯಕ್ತಿ ಯಾರೆಂದು ಊಹಿಸಲು ಕಲಾ ಇತಿಹಾಸಕಾರರು ಇದನ್ನೂ ಗಮನಿಸುತ್ತಾರೆ. ನಾಟಕಕ್ಕೆ ಜಾಮಾ ಹೊಲಿಯುವವರು ಈ ಎಡಬಲವನ್ನು ಮರೆತರೆ ಪಾತ್ರವೇ ಬದಲಾದಂತೆ.

ಇನ್ನು ಚಣಿಯಾ. ಇಲ್ಲಿಂದಲೇ ವಿಕ್ಟೋರಿಯಾ ಕಾಲದ ಕೇಪಿಗೆ ನೇರ ದಾರಿ ಇದೆ.

ಗಿರಕಿ ಹೊಡೆದಾಗ ಛತ್ರಿಯಂತೆ ಅರಳುವ ಚಣಿಯಾವನ್ನು ಎರಡು ಬಗೆಯಲ್ಲಿ ಕತ್ತರಿಸುತ್ತಾರೆ. ಒಂದು, ಮೇಲೆ ಕಿರಿದು ಕೆಳಗೆ ಅಗಲವಾದ ಕಳಿಗಳನ್ನು ಜೋಡಿಸುವುದು. ಇನ್ನೊಂದು, ನಮ್ಮ ಟೈಲರುಗಳು ಅಂಬ್ರೆಲ್ಲಾ ಕಟ್ ಎನ್ನುವ ಪೂರ್ಣವೃತ್ತ. ಎರಡನೆಯದರ ಲೆಕ್ಕ ಶಾಲೆಯ ಜ್ಯಾಮಿತಿ. ಸೊಂಟದ ಅಳತೆ 30 ಇಂಚಾದರೆ ಅದನ್ನು 6.28ರಿಂದ ಭಾಗಿಸಿ, ಸುಮಾರು 4.8 ಇಂಚಿನ ತ್ರಿಜ್ಯದಲ್ಲಿ ಒಳವೃತ್ತ ಎಳೆಯಬೇಕು. ಅದಕ್ಕೆ 38 ಇಂಚು ಉದ್ದ, ಮಡಿಕೆಗೆ ಒಂದು ಇಂಚು ಸೇರಿಸಿದರೆ 43.8. ಅಂದರೆ 44 ಇಂಚು ಅಗಲದ ಬಟ್ಟೆಯಲ್ಲಿ ಎರಡು ಅರ್ಧವೃತ್ತಗಳು ಸರಿಯಾಗಿ ಹಿಡಿಯುತ್ತವೆ, ನಾಲ್ಕೂವರೆ ಮೀಟರ್ ಸಾಕು. ಕೆಳಗಿನ ಅಂಚಿನ ಸುತ್ತಳತೆ ಹತ್ತಿರ ಹತ್ತಿರ 6.8 ಮೀಟರ್. ಆ ಅಂಚಿಗೆ ಹಚ್ಚುವ ಗೋಟಾ ಪಟ್ಟಿ ಕೊಳ್ಳುವಾಗ ಹೊಸಬರು ಬೆಚ್ಚುವುದು ಈ ಅಂಕಿ ಕೇಳಿ.

ಇದೇ ಲೆಕ್ಕವನ್ನು ಸೊಂಟದಿಂದ ಕುತ್ತಿಗೆಗೆ ಏರಿಸಿದರೆ ಕೇಪು. ಅರ್ಧವೃತ್ತದ ಕೇಪಿಗೆ ಕುತ್ತಿಗೆಯ ಅಳತೆಯನ್ನು 3.14ರಿಂದ ಭಾಗಿಸಬೇಕು. 16 ಇಂಚಿನ ಕುತ್ತಿಗೆಗೆ ತ್ರಿಜ್ಯ 5.1 ಇಂಚು. 30 ಇಂಚು ಉದ್ದ, ಒಂದೂವರೆ ಇಂಚು ಮಡಿಕೆ ಸೇರಿದರೆ 36.6. ಎರಡು ಮೀಟರ್ ಬಟ್ಟೆ, ಅಷ್ಟೇ ಅಸ್ತರು. ಅಂಬ್ರೆಲ್ಲಾ ಚಣಿಯಾ ಹೊಲಿದ ಕೈಗೆ ಹೊಸದಾಗಿ ಕಲಿಯಬೇಕಾದ್ದು ಭುಜದ ಟಕ್ಸು ಮತ್ತು ಕಾಲರು ಮಾತ್ರ. ಅಹಮದಾಬಾದಿನ ಗೃಹಿಣಿಯೊಬ್ಬಳಿಗೆ ಲಂಡನ್ನಿನ 1890ರ ದಶಕದ ಕೇಪಿನ ನಕ್ಷೆ ಕೊಟ್ಟರೆ ಅದರಲ್ಲಿ ಪರಕೀಯವಾಗಿ ತೋರುವುದು ಬಹಳ ಕಡಿಮೆ ಎನ್ನಲು ಇದೇ ಕಾರಣ.

ಎರಡಕ್ಕೂ ಒಂದೇ ಕಾಟವೂ ಇದೆ. ವೃತ್ತಾಕಾರದಲ್ಲಿ ಕತ್ತರಿಸಿದ ಬಟ್ಟೆಯ ಕೆಲವು ಭಾಗಗಳಲ್ಲಿ ನೂಲು ಓರೆಯಾಗಿ ಇಳಿಬೀಳುತ್ತದೆ. ಓರೆ ನೂಲು ತನ್ನ ಭಾರಕ್ಕೇ ಎಳೆಯುತ್ತದೆ. ಕತ್ತರಿಸಿದ ಕೂಡಲೇ ಅಂಚು ಮಡಿಸಿದರೆ ವಾರದಲ್ಲಿ ಅಲ್ಲಲ್ಲಿ ಜೋತುಬಿದ್ದು ಕೆಳಗಿನ ಗೆರೆ ಅಂಕುಡೊಂಕಾಗುತ್ತದೆ. ಅದಕ್ಕೇ ಬಲ್ಲವರು ಸೊಂಟಪಟ್ಟಿ ಅಥವಾ ಕಾಲರು ಕೂಡಿಸಿದ ಮೇಲೆ ಇಡೀ ಉಡುಪನ್ನು ಒಂದು ರಾತ್ರಿ ಹ್ಯಾಂಗರಿಗೆ ತೂಗುಹಾಕಿ, ಮರುದಿನ ನೆಲದಿಂದ ಅಳೆದು ಸಮ ಮಾಡಿ, ಆಮೇಲೆ ಅಂಚು ಹೊಲಿಯುತ್ತಾರೆ. ಹಬ್ಬದ ಅವಸರದಲ್ಲಿ ಎಲ್ಲರೂ ಬಿಟ್ಟುಬಿಡುವ ಹಂತ ಇದು. ಬಿಡಬಾರದ ಹಂತವೂ ಇದೇ.

ಯೂರೋಪಿನಲ್ಲಿ ಕೇಪು ಯಾಕೆ ಬಂತು ಎಂಬುದು ಸ್ವಾರಸ್ಯದ ಕಥೆ, ಮತ್ತು ಅದರ ಎಳೆ ಹಿಂದೂಸ್ತಾನದಿಂದಲೇ ಹೊರಡುತ್ತದೆ. 1850ರ ದಶಕದಲ್ಲಿ ಹೆಂಗಸರ ಲಂಗದೊಳಗೆ ಉಕ್ಕಿನ ಬಳೆಗಳ ಕ್ರಿನೋಲಿನ್ ಸೇರಿತು. ಅಷ್ಟಗಲದ ಲಂಗದ ಮೇಲೆ ಕೋಟು ಹಾಕುವುದು ಅಸಾಧ್ಯ. ಆದ್ದರಿಂದ ದೊಡ್ಡ ಕಾಶ್ಮೀರಿ ಶಾಲನ್ನು ತ್ರಿಕೋನವಾಗಿ ಮಡಿಸಿ ಹೊದ್ದರು. ಆ ಶಾಲನ್ನು ಜೋಡಿಯಾಗಿ ಹೊದೆಯುವ ಪದ್ಧತಿ ಶುರುಮಾಡಿದವನು ಅಕ್ಬರ್ ಎಂದು ಅದೇ ಆಈನೆ ಅಕ್ಬರಿ ಹೇಳುತ್ತದೆ. 1870ರ ಸುಮಾರಿಗೆ ಲಂಗದ ಉಬ್ಬು ಹಿಂದಕ್ಕೆ ಸರಿದು, ಶಾಲು ಅದರ ಮೇಲೆ ಸರಿಯಾಗಿ ಕೂರದಾಯಿತು. ಆಗ ಅದೇ ಅಮೂಲ್ಯ ಶಾಲುಗಳನ್ನು ಕತ್ತರಿಸಿ, ಅರ್ಧ ಕೇಪು ಅರ್ಧ ಕೋಟಿನಂಥ ಡಾಲ್ಮನ್ ಹೊಲಿದರು. ಪಶ್ಚಿಮದ ಸಂಗ್ರಹಾಲಯಗಳಲ್ಲಿ ಇಂಥವು ಈಗಲೂ ಇವೆ. ಒಂದೊಂದು ಶಾಲಿಗೆ ನೇಕಾರರು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕೂತಿರುತ್ತಿದ್ದರು ಎಂಬುದನ್ನು ನೆನೆದರೆ ಆ ಕತ್ತರಿಯ ಬಗ್ಗೆ ಸಂಕಟವಾಗುತ್ತದೆ. 1890ರ ದಶಕದ ನಡುವಿನಲ್ಲಿ ತೋಳುಗಳು ಭುಜದ ಬಳಿ ಬಲೂನಿನಂತೆ ಊದಿದವು. ಕೋಟಿನ ತೋಳೊಳಗೆ ಅವು ತೂರುತ್ತಿರಲಿಲ್ಲ. ಹೀಗೆ ಸೊಂಟದವರೆಗಿನ, ಘೇರು ತುಂಬಿದ ಗಿಡ್ಡ ಕೇಪು ಎಲ್ಲೆಡೆ ಬಂತು. ಹೊಲಿಯುವವರು ಮೊದಲು ತೀರ್ಮಾನಿಸಬೇಕಾದ್ದು ಇದನ್ನೇ: ಕೇಪಿನ ಒಳಗೆ ಯಾವ ವರ್ಷದ ಉಡುಪಿದೆ?

ಬಟ್ಟೆಯ ಆಯ್ಕೆಯಲ್ಲಿ ಹವೆಯ ಮಾತು ಬರುತ್ತದೆ. ಅಹಮದಾಬಾದಿನ ಜನವರಿ ರಾತ್ರಿಗಳಲ್ಲಿ ಉಷ್ಣಾಂಶ 12 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಹಗಲು ಮಾತ್ರ ಬೆಚ್ಚಗೆ. ಲಂಡನ್ನಿಗೆ ಹೊಂದುವ ದಪ್ಪ ಉಣ್ಣೆಗೆ ಹತ್ತಿ ತುಂಬಿದ ಅಸ್ತರು ಇಲ್ಲಿ ಹಿಂಸೆ. ತೆಳು ಉಣ್ಣೆಗೆ ಸಾದಾ ಅಸ್ತರು, ಇಲ್ಲವೇ ಹತ್ತಿಯ ವೆಲ್ವೆಟ್ ಸಾಕು. ವೆಲ್ವೆಟ್ಟಿಗೆ ಒಂದು ಎಚ್ಚರಿಕೆ ಅಗತ್ಯ: ಅದರ ರೋಮ ಒಂದೇ ದಿಕ್ಕಿಗೆ ಮಲಗಿರುತ್ತದೆ. ಬಟ್ಟೆ ಉಳಿಸಲು ಒಂದು ತುಂಡನ್ನು ತಲೆಕೆಳಗಾಗಿ ಇಟ್ಟು ಕತ್ತರಿಸಿದರೆ, ಹೊಲಿದ ಮೇಲೆ ಎರಡು ಬೇರೆ ಬಣ್ಣದ ಥಾನಿನಂತೆ ಕಾಣುತ್ತದೆ. ಇಸ್ತ್ರಿಯನ್ನೂ ಮೇಲಿನಿಂದ ಒತ್ತಬಾರದು.

ಅಲಂಕಾರಕ್ಕೆ ಸೂರತ್ ಇದೆ. ಅಲ್ಲಿನ ಜರಿ ಕಸುಬು ಭೌಗೋಳಿಕ ಗುರುತು ಪಡೆದದ್ದು. ಬೆಳ್ಳಿಯ ತಂತಿಯನ್ನು ಅಚ್ಚಿನ ರಂಧ್ರಗಳ ಮೂಲಕ ಎಳೆದೆಳೆದು ಕೂದಲಿಗಿಂತ ಸಣ್ಣದಾಗಿಸಿ, ಚಪ್ಪಟೆ ಮಾಡಿ, ರೇಷ್ಮೆ ನೂಲಿಗೆ ಸುತ್ತಿ, ಚಿನ್ನದ ಲೇಪ ಕೊಡುವ ಕೆಲಸ ಅದು. ಚಪ್ಪಟೆ ತಂತಿ ಬಾದ್ಲಾ, ಸುತ್ತಿದ ನೂಲು ಕಸಬ್. ತಾಮ್ರದ ತಂತಿಯ ನಕಲು ಜರಿಯೂ, ಪಾಲಿಯೆಸ್ಟರ್ ಹಾಳೆಯ ಅಗ್ಗದ ಜರಿಯೂ ಅದೇ ಊರಿನಿಂದ ಬರುತ್ತವೆ. ದಕ್ಷಿಣದ ರೇಷ್ಮೆ ಸೀರೆಗಳ ಸೆರಗಿನಲ್ಲಿ ಮಿನುಗುವುದೂ ಬಹಳಷ್ಟು ಸೂರತ್ತಿನ ಜರಿಯೇ. ಚಣಿಯಾದ ಕನ್ನಡಿ ಕಸೂತಿಗೆ ಬೇಕಾದ ಆಭಲಾ ಗಾಜಿಗೆ ಖೇಡಾ ಜಿಲ್ಲೆಯ ಕಪಡವಂಜ್ ಹೆಸರುವಾಸಿ. ಅಲ್ಲಿ ಗಾಜನ್ನು ಊದಿ ಗೋಲವಾಗಿಸಿ, ಒಳಗೆ ಲೇಪ ಬಳಿದು, ಒಡೆದು, ಚೂರುಗಳನ್ನು ಬಿಲ್ಲೆಗಳಾಗಿ ಕತ್ತರಿಸುತ್ತಿದ್ದರು. ಹಾಗಾಗಿ ಹಳೆಯ ಕಸೂತಿಯ ಕನ್ನಡಿಗಳಿಗೆ ಸಣ್ಣ ಉಬ್ಬು ಇರುತ್ತದೆ. ಈಗಿನ ಪ್ಲಾಸ್ಟಿಕ್ ಬಿಲ್ಲೆಗಳು ಹಗುರ ನಿಜ, ಆದರೆ ದೀಪದ ಬೆಳಕನ್ನು ಆ ರೀತಿ ಚೆಲ್ಲುವುದಿಲ್ಲ. ಗೋಂದು ಹಚ್ಚಿ ಅಂಟಿಸಿದವಂತೂ ಎರಡನೇ ದಿನದ ಕುಣಿತಕ್ಕೇ ಉದುರುತ್ತವೆ.

ಸೂರತ್ ಮತ್ತು ನೆರೆಯ ನವಸಾರಿಯ ಪಾರ್ಸಿಗಳ ಮನೆಗಳಲ್ಲಿ ಇನ್ನೊಂದು ಹಳೆಯ ಹೊಲಿಗೆ ನಿಂತಿಲ್ಲ. ಧರ್ಮದೀಕ್ಷೆ ಪಡೆದವರು ಮೈಗೆ ತಾಗಿಸಿ ತೊಡುವ ಸುದ್ರೆ ಎಂಬ ಒಳಂಗಿ ತೆಳು ಬಿಳಿ ಹತ್ತಿಯದು, ಎದೆಯ ಬಳಿ ಪುಟ್ಟದೊಂದು ಜೇಬಿನಂಥ ತುಂಡು. ಅದರ ಮೇಲೆ ಸೊಂಟಕ್ಕೆ ಕಟ್ಟುವ ಕುಸ್ತಿ ಎಂಬ ಪವಿತ್ರ ದಾರವನ್ನು ಪುರೋಹಿತ ಮನೆತನದ ಹೆಂಗಸರು ಕುರಿಮರಿಯ ಉಣ್ಣೆಯ 72 ಎಳೆಗಳಿಂದ ಮನೆಯಲ್ಲೇ ನೇಯುತ್ತ ಬಂದಿದ್ದಾರೆ.

ಹಳೆಯ ಉಡುಪಿನ ಒಳಹೊರಗನ್ನು ಕಣ್ಣಾರೆ ಕಾಣಬೇಕೆಂದರೆ ಅಹಮದಾಬಾದಿನ ಶಾಹಿಬಾಗಿಗೆ ಹೋಗಬೇಕು. ಗೌತಮ್ ಸಾರಾಭಾಯಿ ಮತ್ತು ಅವರ ತಂಗಿ ಗಿರಾ ಸಾರಾಭಾಯಿ 1949ರಲ್ಲಿ ಆರಂಭಿಸಿದ ಕ್ಯಾಲಿಕೊ ಜವಳಿ ಸಂಗ್ರಹಾಲಯ ಅಲ್ಲಿದೆ. ಭಾರತದ ಬಟ್ಟೆಗಳಿಗೊಂದು ಸಂಗ್ರಹಾಲಯ ಬೇಕು ಎಂದು ಕಲಾ ಚಿಂತಕ ಆನಂದ ಕುಮಾರಸ್ವಾಮಿ ಸೂಚಿಸಿದ್ದರು. ನೆಹರೂ ಉದ್ಘಾಟಿಸಿದರು. ಮುಂಚಿತವಾಗಿ ಹೆಸರು ಕೊಟ್ಟು, ಮಾರ್ಗದರ್ಶಕರೊಂದಿಗೆ ಗುಂಪಾಗಿ ಸುತ್ತಬೇಕು. ಫೋಟೊಗೆ ಅವಕಾಶವಿಲ್ಲ, ಮುಟ್ಟುವುದಂತೂ ದೂರದ ಮಾತು. ಹೊಲಿಯುವವರಿಗೆ ಇದು ನಿರಾಸೆ. ಆದರೆ 1993ರಲ್ಲಿ ಕಲಾ ಇತಿಹಾಸಕಾರ ಬಿ. ಎನ್. ಗೋಸ್ವಾಮಿ ಇಲ್ಲಿನ ಉಡುಪುಗಳ ಬಗ್ಗೆ ಬರೆದ ದೊಡ್ಡ ಗ್ರಂಥ ಆ ಕೊರತೆಯನ್ನು ಬಹಳಷ್ಟು ನೀಗಿಸಿತು, ಏಕೆಂದರೆ ಅದರಲ್ಲಿ ಜಾಮಾ, ಅಂಗರಖಾದಂಥ ಅಂಗಿಗಳ ಕತ್ತರಿಕೆಯ ನಕ್ಷೆಗಳೂ ಇವೆ. ನಕ್ಷೆಯಿಲ್ಲದ ಉಡುಪು ಬರಿಯ ಚಿತ್ರ. ನಕ್ಷೆ ಸಿಕ್ಕರೆ ಅದು ಮತ್ತೆ ಮೈಮೇಲೆ ಬರಬಲ್ಲದು.

ವಡೋದರಾದ ಅನುಭವ ಬೇರೆ. ಅಲ್ಲಿ ಚರಿತ್ರೆಯ ಉಡುಪನ್ನು ಒಬ್ಬ ಚಿತ್ರಕಾರ ಕಲ್ಪಿಸಿಕೊಳ್ಳಬೇಕಾಯಿತು. 1888ರಲ್ಲಿ ಮಹಾರಾಜ ಸಯಾಜಿರಾವ್ ಗಾಯಕವಾಡ್ ಪುರಾಣದ 14 ಚಿತ್ರಗಳನ್ನು ಬರೆಯುವಂತೆ ರಾಜಾ ರವಿವರ್ಮನನ್ನು ಕೇಳಿದರು. ದಮಯಂತಿ, ಸೀತೆ, ಶಾಂತನು ಏನುಟ್ಟಿದ್ದರು? ರವಿವರ್ಮ ತನ್ನ ತಮ್ಮ ರಾಜರಾಜವರ್ಮನೊಂದಿಗೆ ಉತ್ತರ ಭಾರತ ಸುತ್ತಿ, ಎಲ್ಲರಿಗೂ ಸಲ್ಲುವ ಒಂದು ಉಡುಪಿಗಾಗಿ ಹುಡುಕಿದ. ಅಂಥದ್ದು ಸಿಗಲಿಲ್ಲ. ಕೊನೆಗೆ ಹೆಚ್ಚಾಗಿ ಸೀರೆಯನ್ನೇ ನೆಚ್ಚಿಕೊಂಡ. ಆ ಸಂಗ್ರಹದ ಚಿತ್ರಗಳು ಲಕ್ಷ್ಮೀವಿಲಾಸ ಅರಮನೆಯ ಆವರಣದ ಮಹಾರಾಜಾ ಫತೇಸಿಂಗ್ ಸಂಗ್ರಹಾಲಯದಲ್ಲಿವೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನನ್ನು ನೋಡಿದ ಕನ್ನಡಿಗರಿಗೆ ಅವನ ಸೀರೆಯ ಮಡಿಕೆಗಳು ಪರಿಚಿತವೇ. ಇಂದು ಪೌರಾಣಿಕ ನಾಟಕ, ಧಾರಾವಾಹಿ, ಕ್ಯಾಲೆಂಡರುಗಳ ಉಡುಪು ಅವನಿಂದ ಹರಿದುಬಂದದ್ದು. ಆದ್ದರಿಂದ ಮಕ್ಕಳ ಶಾಲೆಯ ನಾಟಕಕ್ಕೆ ಸೀತೆಯ ರವಿಕೆ ಹೊಲಿಯುವ ತಾಯಿ ತ್ರೇತಾಯುಗವನ್ನಲ್ಲ, 1888ರ ಒಂದು ತೀರ್ಮಾನವನ್ನು ಹೊಲಿಯುತ್ತಿದ್ದಾಳೆ. ಅದು ತಪ್ಪೆಂದಲ್ಲ. ತಿಳಿದು ಹೊಲಿದರೆ ಕೆಲಸಕ್ಕೆ ಇನ್ನಷ್ಟು ರುಚಿ ಬರುತ್ತದೆ.

ಇಷ್ಟೆಲ್ಲ ಹೊಲಿಗೆ ಮನೆಯೊಳಗೆ ಬಂದದ್ದು ಯಂತ್ರದಿಂದ. ಐಸಾಕ್ ಸಿಂಗರ್ 1851ರಲ್ಲಿ ಪೇಟೆಂಟ್ ಪಡೆದ ಹೊಲಿಗೆ ಯಂತ್ರವನ್ನು ಭಾರತದಲ್ಲಿ ಹರಡಿದವರಲ್ಲಿ ಮುಖ್ಯರು ಕಂಪನಿಯ ಏಜೆಂಟರಾಗಿದ್ದ ಪಾರ್ಸಿ ನಸ್ಸರ್ವಾಂಜಿ ಮೆರ್ವಾಂಜಿ ಪಟೇಲ್. ಸೀರೆ, ಧೋತಿ ಉಡುವ ದೇಶದಲ್ಲಿ ಹೊಲಿಗೆಯ ಯಂತ್ರ ಮಾರುವುದು ಅವರಿಗೆ ಸುಲಭವಾಗಿರಲಿಲ್ಲ. ಯಂತ್ರಗಳನ್ನು ಟೀಕಿಸುತ್ತಿದ್ದ ಗಾಂಧೀಜಿ ಮಾತ್ರ ಸಿಂಗರ್ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಯಿಂದ ಹೊಲಿದು ಸುಸ್ತಾಗುವುದನ್ನು ನೋಡಲಾರದೆ ಸಿಂಗರ್ ಅದನ್ನು ಕಂಡುಹಿಡಿದ ಎಂಬ ಪ್ರತೀತಿಯನ್ನು ಅವರು ಮೆಚ್ಚಿ ಹೇಳಿದ ಸಂಭಾಷಣೆ 1924ರಲ್ಲಿ, ಅಹಮದಾಬಾದಿನಿಂದ ಹೊರಡುತ್ತಿದ್ದ ‘ಯಂಗ್ ಇಂಡಿಯಾ’ದಲ್ಲಿ ಅಚ್ಚಾಯಿತು. ಕೇಡಿಯುವಿನ ನೆರಿಗೆ, ಚಣಿಯಾದ ಉದ್ದ ಜೋಡಣೆಗಳಿಗೆ ಯಂತ್ರ ಬೇಕೇ ಬೇಕು. ಕಸೆ ಕೂಡಿಸುವುದು, ಅಸ್ತರಿನ ಅಂಚು, ವೆಲ್ವೆಟ್ಟಿನ ಹೆಮ್ಮಿಂಗ್ ಮಾತ್ರ ಕೈಯಲ್ಲೇ ಆಗಬೇಕು.

ಕರ್ನಾಟಕದಲ್ಲಿ ಇಂಥ ಕೇಪನ್ನು ಹೊಲಿದು ನೋಡುವವರಿಗೆ ಬಟ್ಟೆ ಹುಡುಕುವ ಕಷ್ಟವಿಲ್ಲ. ಮಲೆನಾಡಿನ ಮಳೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು ಗದ್ದೆಗಿಳಿದವರು ಕೇಪಿನ ಉಪಯೋಗವನ್ನು ಯಾರಿಂದಲೂ ಕಲಿಯಬೇಕಾಗಿರಲಿಲ್ಲ. ಚಿತ್ರದುರ್ಗದ ಕಡೆಯ ಕುರುಬರ ಕರಿ ಕಂಬಳಿ, ಹುಣಸೆ ಬೀಜದ ಗಂಜಿ ಕುಡಿದ ಗಟ್ಟಿ ಉಣ್ಣೆ, ಬೆಂಗಳೂರಿನ ಡಿಸೆಂಬರ್ ಸಂಜೆಗೆ ಹೇಳಿ ಮಾಡಿಸಿದ್ದು. ಒಂದು ಕಂಬಳಿಯಲ್ಲಿ ಮೇಲೆ ಹೇಳಿದ ಅಳತೆಯ ಅರ್ಧವೃತ್ತ ಹಿಡಿಯುತ್ತದೆ. ಎರಡು ಪಟ್ಟಿ ಕೂಡಿಸಿದ ಕಂಬಳಿಯಾದರೆ ಆ ಜೋಡಣೆ ಕೇಪಿನ ಅಡ್ಡಕ್ಕೆ ಬರುವುದರಿಂದ, ಕತ್ತರಿ ಹಾಕುವ ಮೊದಲೇ ಅದನ್ನು ಇನ್ನೊಮ್ಮೆ ಗಟ್ಟಿಯಾಗಿ ಹೊಲಿದುಕೊಳ್ಳಬೇಕು. ನೇಯ್ಗೆ ಸಡಿಲವಾದ್ದರಿಂದ ಕತ್ತರಿಸಿದ ಅಂಚು ಕೂಡಲೇ ಎಳೆ ಬಿಡುತ್ತದೆ, ಅದಕ್ಕೆ ಒಂದಿಂಚು ಅಗಲದ ಹತ್ತಿ ಪಟ್ಟಿಯನ್ನು ಓರೆಗೆ ಕತ್ತರಿಸಿ ಪೈಪಿಂಗ್ ಕೊಡಬೇಕು. ಉಣ್ಣೆ ಕುತ್ತಿಗೆಗೆ ಚುಚ್ಚುವುದರಿಂದ ಕಾಲರಿನ ಒಳಮೈಗೆ ಹಳೆಯ ರೇಷ್ಮೆ ಸೀರೆಯ ತುಂಡು ಒಳ್ಳೆಯದು. ಸ್ಯಾಟಿನ್ ಅಸ್ತರನ್ನು ಹೊರಬಟ್ಟೆಗಿಂತ ಅರ್ಧ ಇಂಚು ಗಿಡ್ಡವಾಗಿ ಕತ್ತರಿಸಿ, ಕೆಳಗಿನ ಅಂಚನ್ನು ಬಿಡಿಯಾಗಿಯೇ ಇಟ್ಟರೆ ಕಂಬಳಿ ಎಳೆದರೂ ಅಸ್ತರು ಮುದುಡುವುದಿಲ್ಲ.